ಹಳೆ ಎಂಜಿನ್‌ನ ಟೈಮಿಂಗ್ ಚೈನ್: ಆ ಎರಡು ಸೆಕೆಂಡ್ ಸದ್ದು ಬಿಡಬೇಡಿ

ಈಗ ಒಂದು ಸದ್ದು ಕೇಳಿಸುತ್ತೇನೆ. ಇಯರ್‌ಫೋನ್ ಇದ್ದರೆ ಹಾಕಿಕೊಳ್ಳಿ. ಕಾರು ರಾತ್ರಿಯಿಡೀ ನಿಂತಿತ್ತು, ಎಂಜಿನ್ ಪೂರ್ತಿ ತಣ್ಣಗಿದೆ. ಸೆಲ್ಫ್ ಹೊಡೆಯುತ್ತೇನೆ, ನೋಡಿ.

ಕೇಳಿಸಿತಾ? ಸ್ಟಾರ್ಟ್ ಆದ ತಕ್ಷಣ ಒಂದೆರಡು ಸೆಕೆಂಡ್ ಗರಗರ ಅಂದಿತು, ಆಮೇಲೆ ಸುಮ್ಮನಾಯಿತು. ಹಳೆ ಕಾರು ಅಲ್ವಾ, ಸ್ವಲ್ಪ ಸದ್ದು ಇದ್ದೇ ಇರುತ್ತದೆ ಅಂತ ತುಂಬಾ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಚೈನ್ ಇರುವ ಎಂಜಿನ್‌ಗೆ ಜೀವಮಾನಪೂರ್ತಿ ಕೈ ಹಾಕುವ ಹಾಗಿಲ್ಲ ಅನ್ನುವ ಮಾತನ್ನು ನಂಬಿಯೇ ಎಷ್ಟೋ ಒಳ್ಳೆ ಎಂಜಿನ್‌ಗಳು ಹಾಳಾಗಿವೆ.

ಆ ಸದ್ದು ಎಲ್ಲಿಂದ ಬರುತ್ತದೆ ಅಂತ ಮೊದಲು ಹೇಳುತ್ತೇನೆ. ಕೆಳಗೆ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್. ಮೇಲೆ ಕ್ಯಾಮ್, ಅಂದರೆ ಗಾಳಿ ಒಳಗೆ ಬಿಟ್ಟು ಹೊಗೆ ಹೊರಗೆ ಬಿಡುವ ವಾಲ್ವ್‌ಗಳನ್ನು ತೆರೆಯುವ ಶಾಫ್ಟ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ಎರಡನ್ನೂ ಕಟ್ಟಿ ಇಟ್ಟಿರುವುದು ಟೈಮಿಂಗ್ ಚೈನ್. 3000 ಆರ್‌ಪಿಎಂನಲ್ಲಿ, ಅಂದರೆ ಕ್ರ್ಯಾಂಕ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಆ ವೇಗದಲ್ಲಿ ಚೈನ್ ಅಲುಗಾಡದಂತೆ ಒತ್ತಿ ಹಿಡಿಯುವುದು ಟೆನ್ಷನರ್. ತುಂಬಾ ಎಂಜಿನ್‌ಗಳಲ್ಲಿ ಈ ಟೆನ್ಷನರ್‌ಗೆ ಬಲ ಬರುವುದು ಆಯಿಲ್ ಪ್ರೆಶರ್‌ನಿಂದ. ರಾತ್ರಿ ನಿಂತ ಎಂಜಿನ್‌ನಲ್ಲಿ ಆಯಿಲ್ ಕೆಳಗೆ ಇಳಿದಿರುತ್ತದೆ. ಬೆಳಗ್ಗೆ ಪ್ರೆಶರ್ ಮೇಲೆ ಬರುವವರೆಗೆ ಲೂಸ್ ಆದ ಚೈನ್ ಹೋಗಿ, ಅದು ಓಡುವ ದಾರಿಯಲ್ಲಿರುವ ಪ್ಲಾಸ್ಟಿಕ್ ಪಟ್ಟಿಗೆ, ಅಂದರೆ ಗೈಡ್‌ಗೆ ಬಡಿಯುತ್ತದೆ. ನೀವು ಕೇಳಿದ್ದು ಅದನ್ನೇ.

ಈಗ ಇದನ್ನು ನೋಡಿ. ಬಿಚ್ಚಿದ ಹಳೆ ಚೈನ್, ಅದೇ ಅಳತೆಯ ಹೊಸ ಚೈನ್, ಎರಡನ್ನೂ ಅಕ್ಕಪಕ್ಕ ನೇತುಹಾಕಿದ್ದೇನೆ. ಕೊಂಡಿಗಳ ಲೆಕ್ಕ ಒಂದೇ. ಆದರೂ ಹಳೆಯದು ಕೆಳಗೆ ಇಳಿದಿದೆ. ಉಕ್ಕಿನ ಪಟ್ಟಿ ಜಗ್ಗಿ ಉದ್ದ ಆಗಿರುವುದಲ್ಲ ಇದು. ಪ್ರತಿ ಕೊಂಡಿಯಲ್ಲೂ ಒಂದು ಪಿನ್ ಇದೆ, ಆ ಪಿನ್ ತಿರುಗುವ ಜಾಗ ಸವೆದಿದೆ. ಸೈಕಲ್ ಚೈನ್ ಸವೆಯುವ ಹಾಗೆಯೇ. ಒಂದು ಪಿನ್‌ನಲ್ಲಿ 0.02 ಮಿಲಿಮೀಟರ್ ಸವೆತ ಅಂದರೆ ಕಣ್ಣಿಗೆ ಕಾಣುವುದೇ ಇಲ್ಲ. ಅಂಥ 100 ಪಿನ್ ಸೇರಿದರೆ 2 ಮಿಲಿಮೀಟರ್ ಆಯಿತು. ಅಷ್ಟಾದರೆ ಕ್ಯಾಮ್ ಹಿಂದೆ ಬೀಳುತ್ತದೆ, ವಾಲ್ವ್‌ಗಳು ತಡವಾಗಿ ತೆರೆಯುತ್ತವೆ. ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಕಡಿಮೆ ಆಗುತ್ತದೆ, ಐಡ್ಲಿಂಗ್‌ನಲ್ಲಿ ಎಂಜಿನ್ ನಡುಗಬಹುದು. ಕ್ಯಾಮ್ ಸೆನ್ಸರ್ ಇರುವ ಕಾರಾದರೆ ಚೆಕ್ ಎಂಜಿನ್ ಲೈಟ್ ಬಂದು ಪಿ0016 ಅಂತ ಕೋಡ್ ತೋರಿಸಬಹುದು. ಕ್ರ್ಯಾಂಕ್ ಮತ್ತು ಕ್ಯಾಮ್ ಹೊಂದುತ್ತಿಲ್ಲ ಅಂತ ಅದರ ಅರ್ಥ. ಈ ಕೋಡ್ ಬಂದಾಗ ಬರೀ ಸೆನ್ಸರ್ ಬದಲಿಸಿ ಕಳಿಸಿದರೆ ಕೆಲಸ ಆಗಿದೆ ಅಂದುಕೊಳ್ಳಬೇಡಿ.

ಸ್ಪಾರ್ಕ್ ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಇನ್ನೂ ಹಳೆ ಎಂಜಿನ್ ನಿಮ್ಮದಾದರೆ ಪರೀಕ್ಷೆ ಸುಲಭ. ತುಂಬಾ ಎಂಜಿನ್‌ಗಳಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್‌ನಿಂದಲೇ. ಕ್ಯಾಪ್ ತೆಗೆಯಿರಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿ, ಪುಲ್ಲಿಯ ಮಾರ್ಕ್ ಸೊನ್ನೆಗೆ ಬಂದಾಗ ನಿಲ್ಲಿಸಿ. ಈಗ ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತಾ ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ಮೇಲೆ ಕಣ್ಣಿಡಿ. ಪುಲ್ಲಿ ಹಲವು ಡಿಗ್ರಿ ಹಿಂದೆ ಹೋದರೂ ರೋಟರ್ ಕದಲದಿದ್ದರೆ ಅಷ್ಟೂ ಚೈನ್‌ನ ಆಟ. ಟೆನ್ಷನರ್ ಇರುವ ಓವರ್‌ಹೆಡ್ ಕ್ಯಾಮ್ (ಕ್ಯಾಮ್ ಮೇಲೆ ಹೆಡ್‌ನಲ್ಲೇ ಇರುವ) ಎಂಜಿನ್‌ನಲ್ಲಿ ಹೀಗೆ ಹಿಂದಕ್ಕೆ ತಿರುಗಿಸಲು ಹೋಗಬೇಡಿ, ಚೈನ್ ತಾನು ಕೂತ ಚಕ್ರದ ಹಲ್ಲು ಜಿಗಿಯಬಹುದು.

ಹಲ್ಲು ಜಿಗಿದರೆ ಏನಾಗುತ್ತದೆ? ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್‌ಗೂ ವಾಲ್ವ್‌ಗೂ ನಡುವೆ ಸಾಕಷ್ಟು ಜಾಗ ಇರುತ್ತದೆ, ಗಾಡಿ ನಿಂತುಹೋಗುತ್ತದೆ ಅಷ್ಟೇ. ಉಳಿದವುಗಳಲ್ಲಿ ತೆರೆದ ವಾಲ್ವ್‌ಗೆ ಪಿಸ್ಟನ್ ಬಂದು ಗುದ್ದುತ್ತದೆ. ವಾಲ್ವ್ ಬೆಂಡ್ ಆದರೆ ಎಂಜಿನ್‌ನ ಮೇಲಿನ ಭಾಗ, ಅಂದರೆ ಹೆಡ್ ಇಳಿಸದೆ ವಿಧಿಯಿಲ್ಲ.

ಬಿಚ್ಚುವ ಕೆಲಸ ವಿಡಿಯೋದಲ್ಲಿ ಬೇಗ ಓಡಿಸುತ್ತಿದ್ದೇನೆ. ಬ್ಯಾಟರಿ ಕನೆಕ್ಷನ್, ಬೆಲ್ಟ್, ಕ್ರ್ಯಾಂಕ್ ಪುಲ್ಲಿ, ವಾಲ್ವ್ ಕವರ್, ಮುಂದಿನ ಕವರ್. ಕೆಲವು ಕಾರುಗಳಲ್ಲಿ ಎಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಚೇಂಬರ್ ಕೂಡ ಇಳಿಸಬೇಕು. ಇಲ್ಲೊಂದು ಕಡೆ ನಿಲ್ಲಿಸುತ್ತೇನೆ. ನನ್ನ ಅಂಗೈ ಮೇಲಿರುವ ಈ ಕಂದು ತುಂಡು ಗೈಡ್‌ನದು. ಹೊಸದಾಗಿದ್ದಾಗ ಇದರ ಮೈ ನುಣ್ಣಗಿರುತ್ತದೆ. ಈಗ ಚೈನ್ ಓಡಿದ ಕಡೆ ಎರಡು ಗೀರು ಎಷ್ಟು ಆಳ ಆಗಿವೆ ಅಂದರೆ ಉಗುರು ಸಿಕ್ಕಿಕೊಳ್ಳುತ್ತದೆ. ತುದಿ ಒತ್ತಿದರೆ ಚಟ್ ಅಂತ ಮುರಿಯುತ್ತದೆ. ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ಇದ್ದು ಪ್ಲಾಸ್ಟಿಕ್ ಹೀಗಾಗಿದೆ. ಇಂಥ ಚೂರುಗಳು ಚೇಂಬರ್‌ಗೆ ಬಿದ್ದು ಆಯಿಲ್ ಸೋಸುವ ಜಾಲರಿಗೆ, ಅಂದರೆ ಸ್ಟ್ರೈನರ್‌ಗೆ ಅಡ್ಡ ಕೂತರೆ ಇಡೀ ಎಂಜಿನ್‌ಗೆ ಆಯಿಲ್ ಕಡಿಮೆ ಆಗುತ್ತದೆ. ಆದ್ದರಿಂದ ಗೈಡ್ ಮುರಿದಿದ್ದರೆ ಚೇಂಬರ್ ಇಳಿಸಿ ಸ್ಟ್ರೈನರ್ ನೋಡಲೇಬೇಕು.

ಚೈನ್ ಒಂದನ್ನೇ ಹಾಕಿ ಮುಚ್ಚುವುದು ನನಗೆ ಒಪ್ಪಿಗೆ ಇಲ್ಲ. ಇಷ್ಟೆಲ್ಲ ಬಿಚ್ಚಿದ ಮೇಲೆ ಟೆನ್ಷನರ್, ಗೈಡ್, ಚೈನ್ ಕೂರುವ ಹಲ್ಲಿನ ಚಕ್ರ ಅಂದರೆ ಸ್ಪ್ರಾಕೆಟ್, ಕ್ರ್ಯಾಂಕ್‌ನ ಆಯಿಲ್ ಸೀಲ್ ಎಲ್ಲ ಹೊಸದೇ ಬರಲಿ. ಹಲ್ಲು ಸವೆದ ಹಳೆ ಸ್ಪ್ರಾಕೆಟ್ ಹೊಸ ಚೈನನ್ನೂ ಬೇಗ ತಿಂದುಹಾಕುತ್ತದೆ.

ಈಗ ಮಾರ್ಕ್ ಕೂರಿಸುವುದು. ಇಲ್ಲಿ ಮಾತ್ರ ಅವಸರ ಬೇಡ. ನಿಮ್ಮ ಎಂಜಿನ್‌ನ ಸರ್ವಿಸ್ ಮ್ಯಾನ್ಯುಯಲ್ ಪಕ್ಕದಲ್ಲಿರಲಿ. ನನ್ನ ಎಂಜಿನ್‌ನಲ್ಲಿ ಒಂದನೇ ಪಿಸ್ಟನ್ ಪೂರ್ತಿ ಮೇಲೆ, ಟಾಪ್ ಡೆಡ್ ಸೆಂಟರ್‌ನಲ್ಲಿ ಇರಬೇಕು. ಕ್ಯಾಮ್‌ಗಳು ಅಲುಗದಂತೆ ಲಾಕಿಂಗ್ ಟೂಲ್ ಹಾಕಿದ್ದೇನೆ. ಚೈನ್‌ನಲ್ಲಿ ಬಣ್ಣದ ಕೊಂಡಿಗಳಿವೆ, ನೋಡಿ. ಒಂದು ಕ್ರ್ಯಾಂಕ್ ಸ್ಪ್ರಾಕೆಟ್‌ನ ಚುಕ್ಕೆಗೆ, ಇನ್ನೆರಡು ಎರಡು ಕ್ಯಾಮ್‌ಗಳ ಚುಕ್ಕೆಗೆ ಸರಿಯಾಗಿ ಕೂರಬೇಕು. ಕೂತ ಮೇಲೆ ಟೆನ್ಷನರ್ ಬಿಗಿದು ಅದನ್ನು ಒತ್ತಿ ತಡೆದಿದ್ದ ಲಾಕ್ ಪಿನ್ ಎಳೆದೆ. ಟಕ್ ಅಂತು, ಚೈನ್ ಬಿಗಿಯಾಯಿತು.

ಲಾಕಿಂಗ್ ಟೂಲ್ ತೆಗೆದು ಈಗ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸುತ್ತೇನೆ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಬೇಕು, ಬಲ ಹಾಕಬಾರದು. ಎರಡು ಸುತ್ತು ಆದ ಮೇಲೆ ಬಣ್ಣದ ಕೊಂಡಿಗಳು ಚುಕ್ಕೆ ಬಿಟ್ಟು ಎಲ್ಲೋ ಹೋಗಿವೆ. ಗಾಬರಿ ಬೇಡ, ಅವು ಕೂರಿಸುವಾಗಿನ ಗುರುತು ಮಾತ್ರ. ಸ್ಪ್ರಾಕೆಟ್‌ಗಳ ಮಾರ್ಕ್ ವಾಪಸ್ ಅದೇ ಜಾಗಕ್ಕೆ ಬಂದಿದೆಯಾ, ಲಾಕಿಂಗ್ ಟೂಲ್ ಮತ್ತೆ ಸಲೀಸಾಗಿ ಒಳಗೆ ಹೋಗುತ್ತದಾ ಅಂತ ನೋಡಿ. ಹೋಯಿತು ಅಂದರೆ ಟೈಮಿಂಗ್ ಸರಿ ಇದೆ. ಕ್ರ್ಯಾಂಕ್ ಪುಲ್ಲಿಗೆ ಹೊಸ ಬೋಲ್ಟ್ ಹಾಕಿ, ಟಾರ್ಕ್ ರೆಂಚ್‌ನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿದಿದ್ದೇನೆ.

ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿದೆ. ಫ್ಯುಯೆಲ್ ಪಂಪ್‌ನ ಫ್ಯೂಸ್ ತೆಗೆದಿಟ್ಟು, ಟ್ಯಾಂಕ್ ಕಡೆಯಿಂದ ಬಂದು ನಿಂತಿದ್ದ ಪೆಟ್ರೋಲ್ ಮುಗಿಸಿ, ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆಯುತ್ತೇನೆ. ಎಂಜಿನ್ ಸ್ಟಾರ್ಟ್ ಆಗದೆ ಆಯಿಲ್ ಮಾತ್ರ ಟೆನ್ಷನರ್‌ವರೆಗೆ ಏರಲಿ ಅಂತ. ಆಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್.

ಚೈನ್ ಬಾಳಿಕೆ ಬರಬೇಕಾದರೆ ಆಯಿಲ್ ಮಟ್ಟ ಇಳಿಯಲು ಬಿಡಬೇಡಿ, ಮಸಿ ತುಂಬಿದ ಆಯಿಲ್‌ನಲ್ಲಿ ಓಡಿಸಬೇಡಿ. ಪಿನ್ ಸವೆಯುವುದು ಆ ಮಸಿಯಿಂದಲೇ ಜಾಸ್ತಿ. ಕಂಪನಿ ಹೇಳಿದ ಗ್ರೇಡ್ ಬಿಟ್ಟು ಬೇರೆ ಹಾಕಬೇಡಿ. ನಾನಂತೂ ಈ ಆಯಿಲನ್ನು ಸ್ವಲ್ಪ ದೂರ ಓಡಿಸಿ ಬೇಗನೆ ಬದಲಿಸುತ್ತೇನೆ, ಒಳಗೆ ಉಳಿದಿರುವ ಪುಡಿ ಹೊರಗೆ ಬರಲಿ ಅಂತ. ಆಗ ಹಳೆ ಫಿಲ್ಟರ್ ಕತ್ತರಿಸಿ, ಮಡಿಕೆ ಬಿಡಿಸಿ, ಏನೇನು ಸಿಕ್ಕಿದೆ ಅಂತ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.