ಲಿನೆಟ್ ವುಡರ್ಡ್ ಗಳಿಸಿದ 3649 ಅಂಕಗಳು

ಕೇಳುಗರೆಲ್ಲರಿಗೂ ನಮಸ್ಕಾರ.

2024ರ ಫೆಬ್ರುವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಅವರ ಹೆಸರು ಕಾರವಾರದ ಕಾಲೇಜು ಹುಡುಗಿಯರ ಬಾಯಲ್ಲೂ ಓಡಾಡುತ್ತಿತ್ತು. ಫೆಬ್ರುವರಿ 15ರಂದು ಅವರು ಮಹಿಳೆಯರ ಕಾಲೇಜು ಆಟದಲ್ಲಿ ಕೆಲ್ಸಿ ಪ್ಲಮ್ ಅವರ ಹೆಸರಿನಲ್ಲಿದ್ದ ಒಟ್ಟು 3527 ಅಂಕಗಳ ಅಧಿಕೃತ ದಾಖಲೆಯನ್ನು ಹಿಂದಿಕ್ಕಿದರು. ಮಾರ್ಚ್ 3ರಂದು, ಪುರುಷರ ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಯಾರೂ ಮುಟ್ಟದೆ ಉಳಿದಿದ್ದ ಪೀಟ್ ಮಾರಾವಿಚ್ ಅವರ 3667 ಅಂಕಗಳನ್ನೂ ದಾಟಿದರು. ಈ ಎರಡು ದಿನಗಳ ನಡುವೆ, ಫೆಬ್ರುವರಿ 28ರಂದು, ಅವರು ಮತ್ತೊಂದು ಸಂಖ್ಯೆಯನ್ನು ದಾಟಿದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ. ಆ ಸಂಖ್ಯೆ 3649. ಅದನ್ನು ಗಳಿಸಿದವರು ಕ್ಯಾನ್ಸಸ್ ವಿಶ್ವವಿದ್ಯಾಲಯದ ಲಿನೆಟ್ ವುಡರ್ಡ್. ಕಾಲೇಜು ಹುಡುಗಿಯರಿಗೆ ಆಟ ಕಲಿಸುತ್ತಲೇ ವೃತ್ತಿಜೀವನ ಕಳೆದ ನನಗೆ ಕ್ಲಾರ್ಕ್ ಅವರ ಸಾಧನೆಯಷ್ಟೇ, ಒಂದು ಕೈ ಹೆಚ್ಚಾಗಿಯೇ, ಮುಖ್ಯವೆನಿಸುವುದು ಈ ವುಡರ್ಡ್ ಅವರ ಆಟದ ಬದುಕು. ಇಂದಿನ ಮಾತು ಅದರ ಬಗ್ಗೆ.

ವುಡರ್ಡ್ 1959ರಲ್ಲಿ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ ಹುಟ್ಟಿದವರು. ಚೆಂಡು ಕೈಗೆ ಬರುವ ಮೊದಲು, ಸುತ್ತಿ ಉಂಡೆ ಮಾಡಿದ ಕಾಲುಚೀಲವನ್ನು ಅಣ್ಣನೊಡನೆ ಮನೆಯೊಳಗೆ ಎಸೆದಾಡುತ್ತಿದ್ದ ಹುಡುಗಿ. 1977ರಲ್ಲಿ ಅವರು ಸೇರಿದ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಈ ಆಟದ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. 1891ರ ಡಿಸೆಂಬರಿನಲ್ಲಿ ಬಾಸ್ಕೆಟ್‌ಬಾಲನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ 1898ರಲ್ಲಿ ಇದೇ ವಿಶ್ವವಿದ್ಯಾಲಯಕ್ಕೆ ಬಂದು ನೆಲೆಸಿ ತಂಡ ಕಟ್ಟಿದರು. ಅಲ್ಲಿನ ಅಂಕಣಕ್ಕೆ ಇಂದಿಗೂ ಅವರದೇ ಹೆಸರು. ಅಂಥ ಸ್ಥಳದಲ್ಲಿ, ಮರಿಯನ್ ವಾಷಿಂಗ್ಟನ್ ಎಂಬ ತರಬೇತುದಾರರ ಕೈಕೆಳಗೆ ನಾಲ್ಕು ವರ್ಷ ಆಡಿದ ವುಡರ್ಡ್ ಪಂದ್ಯವೊಂದಕ್ಕೆ ಸರಾಸರಿ 26ಕ್ಕೂ ಹೆಚ್ಚು ಅಂಕ ಗಳಿಸಿದರು, ನಾಲ್ಕೂ ವರ್ಷ ಅಖಿಲ ಅಮೆರಿಕ ಗೌರವಕ್ಕೆ ಪಾತ್ರರಾದರು.

ಹಾಗಿದ್ದರೆ 2024ರಲ್ಲಿ ಮೊದಲು ಮುರಿದ ದಾಖಲೆ 3649 ಆಗದೆ 3527 ಆದದ್ದು ಹೇಗೆ ಎಂದು ಕೇಳುಗರು ಕೇಳಬಹುದು. ವುಡರ್ಡ್ ಆಡಿದ ಕಾಲದಲ್ಲಿ ಅಮೆರಿಕದ ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆಯಾದ ಎನ್‌ಸಿಎಎ ಮಹಿಳೆಯರ ಪಂದ್ಯಗಳನ್ನು ನಡೆಸುತ್ತಲೇ ಇರಲಿಲ್ಲ. ಆ ಕೆಲಸವನ್ನು ಎಐಎಡಬ್ಲ್ಯೂ ಎಂಬ ಮಹಿಳೆಯರದೇ ಆದ ಸಂಸ್ಥೆ ಹೊತ್ತುಕೊಂಡಿತ್ತು. 1981-82ರ ಹಂಗಾಮಿನಿಂದ ಎನ್‌ಸಿಎಎ ಮಹಿಳೆಯರ ಪಂದ್ಯಾವಳಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಹಣದಲ್ಲಿಯೂ ಪ್ರಸಾರದಲ್ಲಿಯೂ ಅದರೊಡನೆ ಪೈಪೋಟಿ ಮಾಡಲಾರದೆ ಹಳೆಯ ಸಂಸ್ಥೆ ಮುಚ್ಚಿಹೋಯಿತು. ಪಂದ್ಯಗಳು ಹೊಸ ಮನೆಗೆ ಬಂದವು, ಹಳೆಯ ಅಂಕಗಳು ಬರಲಿಲ್ಲ. ವುಡರ್ಡ್ ಕಾಲೇಜು ಮುಗಿಸಿದ್ದು 1981ರಲ್ಲಿ, ಅಂದರೆ ಹೊಸ ಪುಸ್ತಕ ತೆರೆಯುವುದಕ್ಕೆ ಸರಿಯಾಗಿ ಮುಂಚೆ. ಆಕೆ ಹಾಕಿದ ಒಂದೊಂದು ಬುಟ್ಟಿಯೂ ಹಾಳೆಯ ಮೇಲೆ ದಾಖಲಾಗಿತ್ತು, ಸಾವಿರಾರು ಜನ ಕಣ್ಣಾರೆ ಕಂಡಿದ್ದರು. ಆದರೂ ನಲವತ್ತು ವರ್ಷಗಳ ಕಾಲ ಅಧಿಕೃತ ಪಟ್ಟಿಯ ತುದಿಯಲ್ಲಿ ಬೇರೆಯವರ ಹೆಸರುಗಳು ಬಂದುಹೋದವು.

ಈಗ ಆ 3649ರ ಒಳಗನ್ನು ಸ್ವಲ್ಪ ಬಿಡಿಸಿ ನೋಡಬೇಕು. ವುಡರ್ಡ್ ಮತ್ತು ಕ್ಲಾರ್ಕ್ ಇಬ್ಬರೂ ಕಾಲೇಜಿನಲ್ಲಿ ಆಡಿದ್ದು ತಲಾ 139 ಪಂದ್ಯಗಳು. ಕ್ಲಾರ್ಕ್ ಅವರ ಒಟ್ಟು 3951 ಅಂಕಗಳಲ್ಲಿ 548 ಬುಟ್ಟಿಗಳು ಮೂರಂಕದ ಗೆರೆಯ ಆಚೆಯಿಂದ ಬಂದವು, ಎಂದರೆ ಅಲ್ಲಿಂದಲೇ 1644 ಅಂಕಗಳು. ವುಡರ್ಡ್ ಅವರ ಕಾಲದಲ್ಲಿ ಆ ಗೆರೆಯೇ ಇರಲಿಲ್ಲ. ಮಹಿಳೆಯರ ಕಾಲೇಜು ಆಟಕ್ಕೆ ಅದು ಬಂದದ್ದು 1987-88ರಲ್ಲಿ. ಆಕೆ 1572 ಬುಟ್ಟಿಗಳನ್ನು ಎರಡೆರಡು ಅಂಕದ ಲೆಕ್ಕದಲ್ಲಿ ಹಾಕಿ, ಎದುರಾಳಿಯ ತಪ್ಪಿಗೆ ಸಿಗುವ, ಒಂದೊಂದು ಅಂಕದ 505 ಫ್ರೀ ಥ್ರೋಗಳನ್ನು ಸೇರಿಸಿ ಈ ಮೊತ್ತವನ್ನು ಕಟ್ಟಿದವರು. ಎಷ್ಟು ದೂರದಿಂದ ಹಾಕಿದರೂ ಎರಡೇ ಅಂಕ ಎಂದಾಗ, ಎದುರಾಳಿಗಳ ಮೈಗಳ ನಡುವೆ ನುಗ್ಗಿ ಬುಟ್ಟಿಯ ಬುಡಕ್ಕೆ ಹೋಗುವುದೇ ಲೇಸು. ಅಲ್ಲಿ ಪೆಟ್ಟೂ ಹೆಚ್ಚು.

ಚೆಂಡಿನ ಮಾತೂ ಇದೆ. ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಹುಡುಗಿಯರು ಇಂದು ಆಡುವುದು ಆರನೆಯ ಸೈಜಿನ ಚೆಂಡು, ಅದರ ಸುತ್ತಳತೆ ಸುಮಾರು ಇಪ್ಪತ್ತೆಂಟೂವರೆ ಅಂಗುಲ. ಈ ಸಣ್ಣ ಚೆಂಡು ಅಮೆರಿಕದ ಕಾಲೇಜು ಮಹಿಳೆಯರ ಕೈಗೆ ಬಂದದ್ದು 1984-85ರಲ್ಲಿ. ವುಡರ್ಡ್ ನಾಲ್ಕು ವರ್ಷವೂ ಪುರುಷರ ಏಳನೆಯ ಸೈಜಿನ ಚೆಂಡಿನಲ್ಲಿಯೇ ಆಡಿದರು. ಸುತ್ತಳತೆಯಲ್ಲಿ ಒಂದು ಅಂಗುಲ, ತೂಕದಲ್ಲಿ ಐವತ್ತು ಗ್ರಾಮಿಗೂ ತುಸು ಹೆಚ್ಚು ಎಂದರೆ ಹೇಳಲು ಸಣ್ಣ ವ್ಯತ್ಯಾಸ. ಆದರೆ ಅಭ್ಯಾಸದ ಹೊತ್ತಿನಲ್ಲಿ ಆರನೆಯ ಸೈಜಿನದನ್ನು ತೆಗೆದಿಟ್ಟು ಏಳನೆಯದನ್ನು ಕೊಟ್ಟು ನೋಡಿ: ಬೆರಳ ತುದಿಗಳಲ್ಲಿ ನಿಲ್ಲುತ್ತಿದ್ದ ಚೆಂಡು ಅಂಗೈಗೆ ಜಾರುತ್ತದೆ, ಮಣಿಕಟ್ಟು ಮಡಿಸಿ ಬಿಡುವಾಗ ಚೆಂಡು ಹಿಮ್ಮುಖವಾಗಿ ಸುತ್ತುವುದು ಕಡಿಮೆಯಾಗುತ್ತದೆ, ಫ್ರೀ ಥ್ರೋ ಗೆರೆಯಿಂದ ಸಲೀಸಾಗಿ ಹಾಕುತ್ತಿದ್ದ ಹುಡುಗಿಯ ಚೆಂಡು ರಿಂಗಿನ ಮುಂಭಾಗಕ್ಕೆ ತಾಗಿ ಹಿಂದಿರುಗುತ್ತದೆ. ಇದನ್ನು ಹೇಳುವುದು ಕ್ಲಾರ್ಕ್ ಅವರನ್ನು ಕಡಿಮೆ ಮಾಡಲು ಅಲ್ಲ. ಅಂಕಣದ ನಡುವಿನಿಂದಲೇ ಗುರಿಯಿಟ್ಟು ಹಾಕುವ ಆಕೆಯ ಎದೆಗಾರಿಕೆ ಆಟವನ್ನೇ ಹಿಗ್ಗಿಸಿದೆ. ಎರಡು ಕಾಲದ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು ಎಂಬುದಷ್ಟೇ ನನ್ನ ಮಾತು.

ಕಾಲೇಜು ಮುಗಿದ ಮೇಲೆ ವುಡರ್ಡ್ ಅವರಿಗೆ ಮುಂದೆ ನೇರವಾದ ದಾರಿ ಇರಲಿಲ್ಲ. ಮಹಿಳೆಯರ ಬಾಸ್ಕೆಟ್‌ಬಾಲ್ ಒಲಿಂಪಿಕ್ಸಿಗೆ ಬಂದದ್ದೇ 1976ರಲ್ಲಿ. 1980ರ ತಂಡಕ್ಕೆ ಆಕೆ ಆಯ್ಕೆಯಾದಾಗ ಅಮೆರಿಕವು ಮಾಸ್ಕೊ ಕ್ರೀಡಾಕೂಟವನ್ನು ಬಹಿಷ್ಕರಿಸಿತು. ದೇಶದಲ್ಲಿ ಭದ್ರವಾದ ವೃತ್ತಿಪರ ಲೀಗ್ ಇಲ್ಲದ್ದರಿಂದ ಇಟಲಿಗೆ ಹೋಗಿ ಆಡಿದರು. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಚಿನ್ನ ಗೆದ್ದ ತಂಡಕ್ಕೆ ನಾಯಕಿಯಾದರು. 1985ರಲ್ಲಿ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ಪ್ರದರ್ಶನ ತಂಡವನ್ನು ಸೇರಿದ ಮೊದಲ ಮಹಿಳೆ ಆಕೆ. ಬಳಿಕ ಜಪಾನಿನಲ್ಲಿಯೂ ಆಡಿ, ಕೊನೆಗೆ ಆಟ ಬಿಟ್ಟು ನ್ಯೂಯಾರ್ಕಿನಲ್ಲಿ ಷೇರು ವ್ಯವಹಾರದ ಉದ್ಯೋಗ ಹಿಡಿದರು. 1997ರಲ್ಲಿ ಡಬ್ಲ್ಯೂಎನ್‌ಬಿಎ ಎಂಬ ಮಹಿಳೆಯರ ವೃತ್ತಿಪರ ಲೀಗಿನ ಪಂದ್ಯಗಳು ಶುರುವಾದಾಗ ಆಕೆಗೆ ಮೂವತ್ತೆಂಟರ ಹೊಸ್ತಿಲು. ಆ ವಯಸ್ಸಿನಲ್ಲಿ ಮರಳಿ ಬಂದು, ಎರಡು ಹಂಗಾಮು ಆಡಿಯೇ ನಿವೃತ್ತರಾದರು. ಕ್ಲಾರ್ಕ್ ಅವರಿಗೆ ಕಾಲೇಜು ಮುಗಿದ ತಿಂಗಳಲ್ಲೇ ಸಿಕ್ಕ ಅವಕಾಶಕ್ಕೆ ವುಡರ್ಡ್ ಹದಿನಾರು ವರ್ಷ ಕಾಯಬೇಕಾಯಿತು.

ನಮ್ಮ ಕರಾವಳಿಯ ಹುಡುಗಿಯರ ಆಟದ ಆಯುಷ್ಯ ಇನ್ನೂ ಕಿರಿದು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರಗಳಲ್ಲಿರಲಿ, ಘಟ್ಟದ ಮೇಲಿನ ಶಿರಸಿಯಲ್ಲಿರಲಿ, ಬಯಲಿನ ಸಿಮೆಂಟು ಅಂಕಣವೆಂದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಅದು ಮಳೆಯ ಪಾಲು. ಮಳೆ ಬಿಟ್ಟ ಮೇಲೂ ಹಾವಸೆ ಕಟ್ಟಿದ ನೆಲವನ್ನು ಬ್ಲೀಚಿಂಗ್ ಪುಡಿ ಹಾಕಿ, ತೆಂಗಿನ ಹಿಡಿಯಿಂದ ತಿಕ್ಕಿ ತೊಳೆದ ಹೊರತು ಯಾರನ್ನೂ ಓಡಿಸುವಂತಿಲ್ಲ. ಅಂತರ ಕಾಲೇಜು ಪಂದ್ಯಾವಳಿಗೆ ತಂಡ ಸಿದ್ಧವಾಗಬೇಕಾದದ್ದು ಉಳಿದ ಕೆಲವೇ ವಾರಗಳಲ್ಲಿ. ಅದರಲ್ಲಿ ಚೆನ್ನಾಗಿ ಆಡಿದ ಒಬ್ಬಿಬ್ಬರು ಧಾರವಾಡದ ಆಯ್ಕೆ ಶಿಬಿರಕ್ಕೆ ಹೋಗಿ ವಿಶ್ವವಿದ್ಯಾಲಯದ ತಂಡ ಸೇರಿ ‘ಬ್ಲೂ’ ಎನಿಸಿಕೊಳ್ಳುತ್ತಾರೆ. ಪದವಿ ಮುಗಿಯುತ್ತಲೇ ಹೆಚ್ಚಿನವರ ಆಟವೂ ಮುಗಿಯುತ್ತದೆ. ದೇಶದಲ್ಲಿ ಮಹಿಳಾ ಬಾಸ್ಕೆಟ್‌ಬಾಲಿಗೆ ಉದ್ಯೋಗದ ಆಸರೆ ಕೊಟ್ಟದ್ದರಲ್ಲಿ ರೈಲ್ವೆಗೆ ದೊಡ್ಡ ಪಾಲಿದೆ. ಆದರೆ ಆ ಬಾಗಿಲಿನವರೆಗೆ ಹೋಗುವವರು ಬೆರಳೆಣಿಕೆಯಷ್ಟು. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ವನಿತೆಯರು ಕಝಾಕಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್‌ನ ‘ಬಿ’ ವಿಭಾಗವನ್ನು ಗೆದ್ದಾಗ, ಇಲ್ಲಿಯ ಎಷ್ಟೋ ಹಳೆಯ ಆಟಗಾರ್ತಿಯರು ಅಡುಗೆಮನೆಯ ಕೆಲಸ ಬಿಟ್ಟು ಬಂದು ಆ ಪಂದ್ಯ ನೋಡಿದ್ದನ್ನು ನಾನು ಬಲ್ಲೆ.

ಇವರ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ಬಾಸ್ಕೆಟ್‌ಬಾಲಿನ ಅಂಕಪಟ್ಟಿ ಬಹಳ ಪ್ರಾಮಾಣಿಕವಾದ ಕಾಗದ. ಒಂದರಿಂದ ಮೇಲಕ್ಕೆ ಅಂಕಿಗಳನ್ನು ಸಾಲಾಗಿ ಮುದ್ರಿಸಿದ ಅದರ ಕಾಲಮ್ಮಿನಲ್ಲಿ, ಬುಟ್ಟಿ ಬಿದ್ದಾಗ ಓರೆಗೆರೆ, ಫ್ರೀ ಥ್ರೋ ಬಿದ್ದಾಗ ತುಂಬಿದ ಚುಕ್ಕೆ, ಮೂರಂಕವಾದರೆ ಆಟಗಾರ್ತಿಯ ನಂಬರಿನ ಸುತ್ತ ಒಂದು ವೃತ್ತ. ಇಡೀ ಪಂದ್ಯವನ್ನು ವರ್ಷಗಳ ನಂತರವೂ ಅದರಿಂದ ಬುಟ್ಟಿಯಿಂದ ಬುಟ್ಟಿಗೆ ಓದಿಕೊಳ್ಳಬಹುದು. ಅಂಥ ಹಾಳೆಗಳು ನಮ್ಮಲ್ಲಿ ಪಂದ್ಯಾವಳಿ ಮುಗಿದ ಮೇಲೆ ಕ್ರೀಡಾ ಕೊಠಡಿಯ ಬಲೆ, ಪಂಪುಗಳ ನಡುವೆ ಸೇರಿ, ಎರಡು ಮಳೆಗಾಲದಲ್ಲಿ ಬೂಸ್ಟು ಹಿಡಿದು, ಮೂರನೆಯದರಲ್ಲಿ ಒರಲೆಗೆ ಆಹಾರವಾಗುತ್ತವೆ. ಕ್ರೀಡಾ ಕೋಟಾದ ಅರ್ಜಿಗೆ ಪುರಾವೆ ಬೇಕೆಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾನು ಓದಿದ ಕಾಲೇಜಿಗೆ ಹೋದಾಗ, ಗೋಡೆಯ ಮೇಲೆ ಆಕೆಯ ತಂಡದ ಫೋಟೊ ಇತ್ತು, ಆಕೆ ಆಡಿದ ಪಂದ್ಯಗಳ ಒಂದು ಹಾಳೆಯೂ ಇರಲಿಲ್ಲ. ಫೋಟೊದಲ್ಲಿ ಚೆಂಡು ಹಿಡಿದು ನಡುವೆ ಕುಳಿತವಳು ಅವಳೇ. ಅರ್ಜಿಗೆ ಅದು ಸಾಲಲಿಲ್ಲ.

ಇನ್ನೊಂದು ತೊಡಕು ಹೆಣ್ಣುಮಕ್ಕಳದೇ. ಅಂಕಪಟ್ಟಿಯಲ್ಲಿ ಬರೆಯುವುದು ಅಡ್ಡಹೆಸರು ಮತ್ತು ಒಂದು ಇನಿಷಿಯಲ್. ನಾಯ್ಕ, ಗಾಂವಕರ, ಹೆಗಡೆ, ತಾಂಡೇಲ ಎಂದು ಮುಗಿಯುವ ಹುಡುಗಿಯರು ಒಂದೊಂದು ತಂಡದಲ್ಲೂ ಇಬ್ಬರು ಮೂವರಿರುತ್ತಾರೆ. ಮದುವೆಯಾದ ಮೇಲೆ ಆ ಅಡ್ಡಹೆಸರೂ ಬದಲಾಗುತ್ತದೆ. ಹಾಳೆ ಉಳಿದಿದ್ದರೂ ‘ಎಸ್. ನಾಯ್ಕ, ನಂಬರ್ 9’ ಎಂದರೆ ಇಂದು ಭಟ್ಕಳದಲ್ಲಿರುವ ಯಾವ ಗೃಹಿಣಿ ಎಂದು ತಿಳಿಯುವುದು ಹೇಗೆ? ಗಂಡುಮಕ್ಕಳ ದಾಖಲೆಗೆ ಈ ತೊಂದರೆ ಇಲ್ಲ.

ಈ ವರ್ಷ ಮಳೆ ಕಳೆದು ಪಂದ್ಯಗಳು ಶುರುವಾದಾಗ ನಮ್ಮ ದೈಹಿಕ ಶಿಕ್ಷಣದ ಬಂಧುಗಳಲ್ಲಿ ನಾನು ಬೇಡಿಕೊಳ್ಳುವುದು ಇಷ್ಟು. ಪ್ರತಿ ಪಂದ್ಯದ ಅಂಕಪಟ್ಟಿಯನ್ನು ಅಂದೇ ಮೊಬೈಲಿನಲ್ಲಿ ಫೋಟೊ ತೆಗೆದು, ಮೂಲಪ್ರತಿಯನ್ನು ಕ್ರೀಡಾ ಕೊಠಡಿಗೆ ಬದಲು ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸಿರಿ. ಹಾಳೆಯ ಹಿಂಬದಿಯಲ್ಲಿ ಪ್ರತಿ ಹುಡುಗಿಯ ಪೂರ್ತಿ ಹೆಸರು, ತಂದೆ ತಾಯಿಯ ಹೆಸರು, ಊರು, ಪ್ರವೇಶ ಸಂಖ್ಯೆ, ಈ ನಾಲ್ಕನ್ನೂ ಅವಳ ಕೈಯಿಂದಲೇ ಬರೆಯಿಸಿರಿ. ಹಳೆಯ ಆಟಗಾರ್ತಿಯರಲ್ಲಿ ಯಾರ ಪೆಟ್ಟಿಗೆಯಲ್ಲಾದರೂ ಪ್ರಮಾಣಪತ್ರ, ಪತ್ರಿಕೆಯ ತುಣುಕು, ಕಾರ್ಬನ್ ಪ್ರತಿ ಉಳಿದಿದ್ದರೆ ಅದರ ನಕಲೂ ಅದೇ ಗ್ರಂಥಾಲಯದಲ್ಲಿ ಸೇರಲಿ.

ನಮಸ್ಕಾರ.