ಕೆನ್ನಾಯಿಯ ಹಿಂಡು ಮತ್ತು ಊರಂಚಿನ ಕಾಡು

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಡಿನ ಮಾಂಸಾಹಾರಿ ಪ್ರಾಣಿಗಳ ಪ್ರಸ್ತಾಪ ಬಂದರೆ ನಮ್ಮ ಮಾತು ಹುಲಿಯಿಂದ ಆರಂಭವಾಗಿ ಚಿರತೆಯಲ್ಲಿ ಮುಗಿದುಹೋಗುತ್ತದೆ. ಬೆಂಗಳೂರಿನಲ್ಲಂತೂ ಯಾವುದೋ ಬಡಾವಣೆಯ ಸಿಸಿಟಿವಿಯಲ್ಲಿ ಚಿರತೆಯೊಂದು ಹಾದುಹೋದರೆ ವಾರಗಟ್ಟಲೆ ಅದೇ ಸುದ್ದಿಯಾಗುತ್ತದೆ. ಇದೇ ನಗರದ ದಕ್ಷಿಣದ ಅಂಚಿಗೆ ತಾಗಿಕೊಂಡಿರುವ ಬನ್ನೇರುಘಟ್ಟದ ಕಾಡಿನಲ್ಲಿ, ಕಾವೇರಿ ಕಣಿವೆಯ ಕುರುಚಲು ಕಾಡುಗಳಲ್ಲಿ, ಇನ್ನೂ ಆಚೆಗೆ ಬಿಳಿಗಿರಿರಂಗನ ಬೆಟ್ಟ, ಬಂಡೀಪುರ, ನಾಗರಹೊಳೆಗಳಲ್ಲಿ ಬದುಕುತ್ತಿರುವ ಮತ್ತೊಂದು ಬೇಟೆಗಾರ ಪ್ರಾಣಿಯ ಬಗ್ಗೆ ನಾವು ಆಡುವ ಮಾತು ತೀರ ಕಡಿಮೆ. ಅದು ಕೆನ್ನಾಯಿ. ಸೀಳುನಾಯಿ, ಕಾಡುನಾಯಿ ಎಂಬ ಹೆಸರುಗಳಿಂದಲೂ ಅದನ್ನು ಕರೆಯುತ್ತಾರೆ. ಇಂದು ಇಡೀ ಏಷ್ಯಾ ಖಂಡದಲ್ಲಿ ಮರಿ ಹಾಕಬಲ್ಲ ಪ್ರಾಯದ ಕೆನ್ನಾಯಿಗಳು 2,500ಕ್ಕಿಂತ ಕಡಿಮೆ ಇವೆ ಎಂಬ ಅಂದಾಜಿದ್ದು, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅದನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿ ಇರಿಸಿದೆ.

ಹೆಸರಿನಲ್ಲಿ ನಾಯಿ ಎಂದಿದ್ದರೂ ಇದು ನಮ್ಮ ಬೀದಿಯ ನಾಯಿ ಕಾಡು ಸೇರಿ ಆದದ್ದಲ್ಲ. ಕ್ಯುಯಾನ್ ಎಂಬ ಬೇರೆಯದೇ ಕುಲಕ್ಕೆ ಸೇರಿದ ಪ್ರಾಣಿ ಇದು; ಆ ಕುಲದಲ್ಲಿ ಈಗ ಉಳಿದಿರುವ ಪ್ರಭೇದವೂ ಇದೊಂದೇ. ಮೈ ಇಟ್ಟಿಗೆಯ ಕೆಂಪು, ಪೊದೆಯಂಥ ಬಾಲದ ತುದಿ ಕಪ್ಪು, ಮೂತಿ ಮೋಟು, ಕಿವಿಗಳು ದುಂಡಗೆ. ಊರಿನ ನಾಯಿಗೆ ಕೆಳದವಡೆಯ ಒಂದೊಂದು ಬದಿಯಲ್ಲಿ ಮೂರು ಹಿಂದವಡೆ ಹಲ್ಲುಗಳಿದ್ದರೆ ಕೆನ್ನಾಯಿಗೆ ಎರಡೇ. ಅರೆಯುವ ಹಲ್ಲು ಕಡಿಮೆ, ಕತ್ತರಿಸುವ ಹಲ್ಲು ಹರಿತ. ಸಂಪೂರ್ಣವಾಗಿ ಮಾಂಸವನ್ನೇ ನಂಬಿ ಬದುಕುವ ಪ್ರಾಣಿಯ ಬಾಯಿ ಅದು.

ಈ ಪ್ರಾಣಿಗೆ ಕ್ರೂರಿ ಎಂಬ ಅಪಖ್ಯಾತಿ ಬಂದದ್ದು ಅದು ಕೊಲ್ಲುವ ರೀತಿಯಿಂದ. ಹುಲಿ, ಚಿರತೆಗಳು ಹೊಂಚುಹಾಕಿ ಎರಗಿ, ಗಂಟಲನ್ನು ಹಿಡಿದು ಉಸಿರುಗಟ್ಟಿಸುತ್ತವೆ. ಕೆನ್ನಾಯಿಗೆ ಅಷ್ಟು ಬಲವಿಲ್ಲ. ಅದರ ತೂಕ ಹೆಚ್ಚೆಂದರೆ 20 ಕಿಲೋ, ಹೆಣ್ಣಾದರೆ ಇನ್ನೂ ಕಡಿಮೆ. ಅದು ಅಟ್ಟಿಸಿಕೊಂಡು ಹೋಗುವ ಜಿಂಕೆ 50 ಕಿಲೋ ದಾಟಿರುತ್ತದೆ, ಕಡವೆಯಾದರೆ 200 ಕಿಲೋ ಮೀರಿರಲೂಬಹುದು. ಹಾಗಾಗಿ ಒಂದು ಮೂಗಿಗೆ ಜೋತುಬಿದ್ದು ತಲೆ ಎತ್ತದಂತೆ ತಡೆದರೆ, ಉಳಿದವು ಪಕ್ಕೆ, ತೊಡೆ, ಹೊಟ್ಟೆಗಳಿಗೆ ಬಾಯಿ ಹಾಕುತ್ತವೆ. ಪ್ರಾಣ ಪೂರ್ತಿ ಹೋಗುವ ಮೊದಲೇ ತಿನ್ನಲು ಆರಂಭಿಸುತ್ತವೆ ಎಂಬುದು ನಿಜ. ಆದರೆ ರಕ್ತಸ್ರಾವ ಮತ್ತು ಆಘಾತದಿಂದ ಬೇಟೆ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ ಎಂಬುದೂ ಅಷ್ಟೇ ನಿಜ. ಆ ಆತುರಕ್ಕೂ ಕಾರಣವಿದೆ. ಸದ್ದು ಕೇಳಿ ಹುಲಿ ಬಂದರೆ ಬೇಟೆ ಕೈತಪ್ಪುವುದಷ್ಟೇ ಅಲ್ಲ, ಹಿಂಡಿನ ಒಂದೆರಡು ಜೀವಗಳೂ ಹೋಗಬಹುದು. ಮನುಷ್ಯರೂ ಅವುಗಳ ಬೇಟೆಯನ್ನು ಕಸಿದುಕೊಂಡವರೇ. ಕಾಡಿನ ಹಳ್ಳಿಗಳ ಜನ ಹತ್ತಿರ ಹೋದರೆ ಸಾಕು, ಕೆನ್ನಾಯಿಗಳು ಮಾಂಸ ಬಿಟ್ಟು ಹಿಂದೆ ಸರಿಯುತ್ತವೆ. ಕಾಡಿನಲ್ಲಿ ಅವು ಮನುಷ್ಯನ ಮೇಲೆ ಎರಗಿದ ನಂಬಲರ್ಹ ದಾಖಲೆ ತೀರ ವಿರಳ.

ಬಂಡೀಪುರದಲ್ಲಿ 1970ರ ದಶಕದ ಉತ್ತರಾರ್ಧದಲ್ಲಿ ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ ಅವರು ಕೆನ್ನಾಯಿಗಳ ಹಿಂಡನ್ನು ಬಹುಕಾಲ ಹಿಂಬಾಲಿಸಿ ನಡೆಸಿದ ಅಧ್ಯಯನದ ನಂತರವೇ ಈ ಪ್ರಾಣಿಯ ನಿಜವಾದ ಬದುಕು ವಿವರವಾಗಿ ತಿಳಿದುಬಂದದ್ದು. ಅಲ್ಲಿಯವರೆಗೆ ನಮ್ಮ ಬಳಿ ಇದ್ದದ್ದು ಶಿಕಾರಿಯವರ ಬೈಗುಳಗಳು ಮಾತ್ರ. ಬ್ರಿಟಿಷರ ಆಡಳಿತದಲ್ಲಿ ಕೆನ್ನಾಯಿಯನ್ನು ಕೊಂದು ತಂದವರಿಗೆ ಸರ್ಕಾರವೇ ಬಹುಮಾನ ಕೊಡುತ್ತಿತ್ತು. ತಾವು ಹೊಡೆಯಬೇಕೆಂದಿದ್ದ ಜಿಂಕೆ, ಕಡವೆಗಳನ್ನು ಇವು ತಿಂದುಬಿಡುತ್ತವೆ ಎಂಬುದೇ ಬಂದೂಕು ಹಿಡಿದವರ ಮುಖ್ಯ ದೂರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೆನ್ನಾಯಿಗೆ ಕಾನೂನಿನ ರಕ್ಷಣೆ ದೊರೆಯಿತು.

ಹಿಂಡಿನಲ್ಲಿ ಸಾಮಾನ್ಯವಾಗಿ 5ರಿಂದ 10 ಪ್ರಾಣಿಗಳಿರುತ್ತವೆ. ಮರಿಗಳು ಸೇರಿಕೊಂಡಾಗ ಸಂಖ್ಯೆ ಇನ್ನೂ ಹಿಗ್ಗುತ್ತದೆ. ಬಹುತೇಕ ಒಂದೇ ಹೆಣ್ಣು ಮರಿ ಹಾಕುತ್ತದೆ. ಚಳಿಗಾಲದಲ್ಲಿ, ಹೆಚ್ಚಾಗಿ ಹಳ್ಳದ ದಡದ ಬಂಡೆಯ ಸಂದಿನಲ್ಲೋ ಬೇರೆ ಪ್ರಾಣಿ ತೋಡಿಬಿಟ್ಟ ಬಿಲದಲ್ಲೋ ಅದು ಮರಿ ಹಾಕಿದ ದಿನದಿಂದ ಇಡೀ ಹಿಂಡಿನ ದಿನಚರಿಯೇ ಬದಲಾಗುತ್ತದೆ. ಮುಂಜಾನೆ ಬೇಟೆಗೆ ಹೊರಟಾಗ ಮರಿಗಳ ಕಾವಲಿಗೆ ದೊಡ್ಡದೊಂದು ಹಿಂದೆ ಉಳಿಯುತ್ತದೆ. ಬೇಟೆ ಮುಗಿಸಿ ಬಂದವುಗಳ ಸುತ್ತ ಮರಿಗಳು ಕುಂಯ್‌ಗುಡುತ್ತ ಮುತ್ತಿಕೊಂಡು, ಅವುಗಳ ಬಾಯಂಚನ್ನು ನೆಕ್ಕಿ ನೆಕ್ಕಿ ಕೇಳುತ್ತವೆ. ದೊಡ್ಡದು ತಲೆ ಬಗ್ಗಿಸಿ, ನುಂಗಿ ತಂದಿದ್ದ ಮಾಂಸವನ್ನು ಮರಿಗಳ ಮುಂದೆ ಕಕ್ಕುತ್ತದೆ. ಇದರಲ್ಲಿ ತಾಯಿಗೂ ಪಾಲು, ಕಾವಲಿಗೆ ಉಳಿದದ್ದಕ್ಕೂ ಪಾಲು. ಮರಿಗಳು ಬಲಿತು ಬೇಟೆಯ ಜಾಗಕ್ಕೆ ಬರುವಂತಾದಾಗ ಮೊದಲು ತಿನ್ನುವುದು ಅವೇ; ಹಸಿದ ದೊಡ್ಡವು ಆಸುಪಾಸಿನಲ್ಲಿ ನಿಂತು ಕಾಯುತ್ತವೆ. ಬೇರೆ ಹಲವು ಬೇಟೆಗಾರ ಪ್ರಾಣಿಗಳಲ್ಲಿ ಬಲವಿದ್ದದ್ದಕ್ಕೇ ಮೊದಲ ತುತ್ತು. ಕ್ರೂರಿ ಎಂದು ನಾವು ದೂರಿದ ಪ್ರಾಣಿಯಲ್ಲಿ ಚಿಕ್ಕವರಿಗೆ ಮೊದಲ ಪಂಕ್ತಿ ಎಂಬುದು ನನಗೆ ಎಂದಿಗೂ ಸಣ್ಣ ಸಂಗತಿಯಾಗಿ ಕಂಡಿಲ್ಲ.

ಬಾನುಲಿಯಲ್ಲಿ ಮಾತನಾಡುವಾಗ ಅದರ ದನಿಯ ವಿಷಯವನ್ನು ಬಿಡುವಂತಿಲ್ಲ. ಕೆನ್ನಾಯಿ ಊರಿನ ನಾಯಿಯ ಹಾಗೆ ಬೊಗಳುವುದಿಲ್ಲ; ಸಿಳ್ಳೆ ಹಾಕುತ್ತದೆ. ಲಂಟಾನದ ಪೊದೆಗಳ ನಡುವೆ ಅಟ್ಟಿಸುವ ಭರದಲ್ಲಿ ಚದುರಿಹೋದ ಹಿಂಡು ಮತ್ತೆ ಒಂದೆಡೆ ಸೇರುವುದು ಈ ಸಿಳ್ಳೆಯ ಜಾಡಿನಲ್ಲೇ. ಹಿಂದೆ ಬೇಟೆಗಾರರು ಖಾಲಿ ತೋಟಾದ ಬಾಯಿಗೆ ತುಟಿಯಿಟ್ಟು ಊದಿ ಇದೇ ದನಿ ಹೊರಡಿಸಿ ಅವುಗಳನ್ನು ಹತ್ತಿರ ಕರೆಯುತ್ತಿದ್ದರು.

ಹುಲಿ, ಚಿರತೆ, ಕೆನ್ನಾಯಿ ಮೂರೂ ಒಂದೇ ಕಾಡಿನಲ್ಲಿ ಹೇಗೆ ಬಾಳುತ್ತವೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ನಾಗರಹೊಳೆಯಲ್ಲಿ. ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ಹುಲಿ ಆರಿಸಿಕೊಳ್ಳುವುದು ಕಾಟಿಯಂಥ, ಅಂದರೆ ಕಾಡುಕೋಣದಂಥ ಭಾರೀ ಪ್ರಾಣಿಗಳನ್ನು. ಚಿರತೆ, ಕೆನ್ನಾಯಿಗಳು ಜಿಂಕೆಯಂಥ ನಡುಗಾತ್ರದವುಗಳನ್ನು. ಹೊತ್ತಿನಲ್ಲೂ ಹಂಚಿಕೆಯಿದೆ: ಹುಲಿ, ಚಿರತೆಗಳ ಓಡಾಟ ಹೆಚ್ಚಾಗಿ ಇರುಳಿನಲ್ಲಿ, ಕೆನ್ನಾಯಿಯದು ಹಗಲಿನಲ್ಲಿ, ಅದರಲ್ಲೂ ಬೆಳಗು, ಸಂಜೆಗಳಲ್ಲಿ. ಜಿಂಕೆ, ಕಡವೆ, ಕಾಟಿ ಮೂರೂ ತುಂಬಿರುವ ಕಾಡಿನಲ್ಲಿ ಮಾತ್ರ ಈ ಹೊಂದಾಣಿಕೆ ನಡೆಯುತ್ತದೆ.

ಇಂಥ ಅಧ್ಯಯನಗಳಿಗೆ ಆಧಾರವಾದದ್ದು ಬಹುಮಟ್ಟಿಗೆ ಪ್ರಾಣಿಗಳ ಮಲ. ಕೆನ್ನಾಯಿಯ ಹಿಂಡು ಕಾಡುದಾರಿಗಳು ಕೂಡುವ ಜಾಗದಲ್ಲಿ ಒಂದರ ಪಕ್ಕ ಒಂದರಂತೆ ಮಲ ಹಾಕಿ ಹೋಗುತ್ತದೆ. ಹೊಸದು ಕಪ್ಪಗೆ, ತೇವವಾಗಿ, ತೀಕ್ಷ್ಣ ವಾಸನೆಯಿಂದ ಕೂಡಿರುತ್ತದೆ. ಹಳೆಯದು ಮಳೆ, ಬಿಸಿಲಿಗೆ ಬಿಳಿಚಿ, ಕೊನೆಗೆ ಕೂದಲು ಮತ್ತು ಮೂಳೆಯ ಚೂರುಗಳ ಹುರಿಯಷ್ಟೇ ಉಳಿಯುತ್ತದೆ. ಆ ಕೂದಲನ್ನು ತೊಳೆದು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟರೆ ಅದು ಜಿಂಕೆಯದೋ ಕಡವೆಯದೋ ಎಂದು ಗುರುತಿಸಬಹುದು. ಹಿಂಡಿನ ಪಾಲಿಗೆ ಆ ಜಾಗ ಇಲ್ಲಿ ನಾವಿದ್ದೇವೆ ಎಂದು ಸಾರುವ ಗುರುತು. ಹಾದುಹೋಗುವ ಪ್ರತಿಯೊಂದೂ ಅದನ್ನು ಮೂಸದೆ ಮುಂದೆ ಹೋಗದು.

ಬೆಂಗಳೂರಿನವರಾದ ನಾವು ಕಳವಳಪಡಬೇಕಾದದ್ದು ಇಲ್ಲಿಯೇ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು 260 ಚದರ ಕಿಲೋಮೀಟರ್. ಕಾಡು ಉದ್ದಕ್ಕೆ, ಕೆಲವೆಡೆ ತೀರ ಕಿರಿದಾಗಿ ಇರುವುದರಿಂದ ಒಳಗಿನ ವಿಸ್ತಾರಕ್ಕಿಂತ ಅಂಚೇ ಹೆಚ್ಚು ಎನ್ನುವಂತಾಗಿದೆ. ಆ ಅಂಚಿನಲ್ಲಿ ಹಳ್ಳಿಗಳಿವೆ, ಬಡಾವಣೆಗಳಿವೆ, ಫಾರಂಹೌಸುಗಳಿವೆ. ರಸ್ತೆ ಬದಿಯಲ್ಲಿ ಎಸೆದ ಮಾಂಸದಂಗಡಿಯ ತ್ಯಾಜ್ಯ ಮತ್ತು ಎಂಜಲಿನಿಂದ ಹೊಟ್ಟೆ ಹೊರೆಯುವ ನಾಯಿಗಳು ರಾತ್ರಿಯಾದರೆ ಕಾಡಿನೊಳಕ್ಕೆ ಹೋಗುತ್ತವೆ, ಅದೇ ದಾರಿಗಳಲ್ಲಿ ಓಡಾಡುತ್ತವೆ, ಅದೇ ಕೂಡುದಾರಿಗಳಲ್ಲಿ ಮೂಸುತ್ತವೆ. ಉಸಿರಾಟ, ನರಗಳಿಗೆ ತಗಲುವ ಡಿಸ್ಟೆಂಪರ್, ಕರುಳಿಗೆ ತಗಲುವ ಪಾರ್ವೊ, ಮತ್ತು ರೇಬಿಸ್ ಎಂಬ ಮೂರು ರೋಗಗಳು ಊರಿನ ನಾಯಿಯಿಂದ ಕೆನ್ನಾಯಿಗೆ ದಾಟಬಲ್ಲವು. ಇವುಗಳಲ್ಲಿ ಪಾರ್ವೊ ವೈರಾಣು ಮಲದ ಮೂಲಕ ಹರಡುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬಾಯಿಗೆ ಬಾಯಿ ತಾಗಿಸಿ ಉಣಿಸುವ, ಮೈಗೆ ಮೈ ಒತ್ತಿ ಮಲಗುವ ಹಿಂಡಿನಲ್ಲಿ ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಹರಡಲು ತಡವಾಗುವುದಿಲ್ಲ. ಒಂಟಿಯಾಗಿ ತಿರುಗುವ ಚಿರತೆಗೆ ಈ ಅಪಾಯ ಇಷ್ಟು ತೀವ್ರವಾಗಿಲ್ಲ. ಕೆನ್ನಾಯಿಯನ್ನು ಬದುಕಿಸುವ ಒಗ್ಗಟ್ಟೇ ರೋಗಕ್ಕೂ ದಾರಿಯಾಗುತ್ತದೆ.

ಇದು ಕಲ್ಪನೆಯ ಭಯವಲ್ಲ. ಆಫ್ರಿಕಾದ ಸೆರೆಂಗೆಟಿಯಲ್ಲಿ 1994ರಲ್ಲಿ ಡಿಸ್ಟೆಂಪರ್ ಹಬ್ಬಿ ಸಿಂಹಗಳ ಸುಮಾರು ಮೂರನೇ ಒಂದು ಭಾಗ ಸತ್ತಿತು. ಸುತ್ತಲಿನ ಹಳ್ಳಿಗಳ ನಾಯಿಗಳೇ ಅದರ ಮೂಲವೆಂದು ಸಂಶೋಧಕರು ಗುರುತಿಸಿದರು. ನಮ್ಮದೇ ಗಿರ್ ಕಾಡಿನಲ್ಲಿ 2018ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಅದೇ ವೈರಾಣು ಪತ್ತೆಯಾಯಿತು.

ನಾಯಿಗಳನ್ನು ದ್ವೇಷಿಸಿ ಏನೂ ಸಾಧಿಸಲಾಗದು. ಅವುಗಳ ಹೊಣೆ ನಮ್ಮದು. ಆನೇಕಲ್, ಜಿಗಣಿ, ಕನಕಪುರ ರಸ್ತೆಯ ಆಸುಪಾಸಿನಲ್ಲಿ ಕಾಡಿನ ಅಂಚಿಗೆ ಮನೆ, ತೋಟ ಇರುವ ಕೇಳುಗರು ದಯವಿಟ್ಟು ಗಮನಿಸಬೇಕು. ರೇಬಿಸ್ ಲಸಿಕೆಯೊಂದನ್ನು ಹಾಕಿಸಿದರೆ ಡಿಸ್ಟೆಂಪರ್ ಮತ್ತು ಪಾರ್ವೊಗಳಿಂದ ರಕ್ಷಣೆ ಸಿಗುವುದಿಲ್ಲ. ಅವುಗಳಿಗೆ ಬೇರೆ ಸಂಯುಕ್ತ ಲಸಿಕೆಯಿದೆ. ಮರಿಗೆ ಆರರಿಂದ ಎಂಟು ವಾರ ತುಂಬಿದಾಗ ಮೊದಲ ಚುಚ್ಚುಮದ್ದು, ಆಮೇಲೆ ಮೂರು, ನಾಲ್ಕು ವಾರಗಳಿಗೊಮ್ಮೆ 16 ವಾರಗಳವರೆಗೆ, ಮುಂದೆ ಪಶುವೈದ್ಯರು ಹೇಳಿದ ಅಂತರದಲ್ಲಿ ಹಾಕಿಸುತ್ತಿರಬೇಕು. ತೋಟದ ಕಾವಲಿಗಿರುವ ನಾಯಿಯನ್ನು ರಾತ್ರಿ ಆವರಣದೊಳಗೆ ಇರಿಸಿ. ಕೋಳಿ, ಕುರಿಗಳ ತ್ಯಾಜ್ಯವನ್ನು ಕಾಡಿನ ರಸ್ತೆಯಲ್ಲಿ ಎಸೆಯಬೇಡಿ, ಎಸೆಯಲು ಬಿಡಲೂಬೇಡಿ. ಕಣ್ಣು ಮೂಗು ಸೋರುತ್ತ, ಮೈ ಅದುರುತ್ತ, ಮನುಷ್ಯರನ್ನು ಕಂಡರೂ ಓಡದೆ ಅಲೆಯುವ ನರಿಯೋ ಕೆನ್ನಾಯಿಯೋ ಕಣ್ಣಿಗೆ ಬಿದ್ದರೆ ಹತ್ತಿರ ಹೋಗದೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಕಂಡ ಜಾಗ ಮತ್ತು ಸಮಯವನ್ನು ತಿಳಿಸಿ. ನಮಸ್ಕಾರ.