ಹಳೆ ಸರ್ವರ್, ಹೊಸ ಸರ್ವರ್: ಗಡಿಯಾರ ನೋಡುತ್ತಾ ಕೂತ ಎರಡು ರಾತ್ರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದವರಿಗೆ ಈ ನೋಟ ಗೊತ್ತಿರುತ್ತದೆ. ದೊಡ್ಡ ಕಂಪನಿಗಳು ತೆಗೆದುಹಾಕಿದ ಸರ್ವರ್‌ಗಳನ್ನು, ಅಂದರೆ ಭಾರೀ ಕೆಲಸದ ಕಂಪ್ಯೂಟರ್‌ಗಳನ್ನು, ಅಂಗಡಿಯೊಳಗೆ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ. ಕೆಲವು ವರ್ಷಗಳ ಹಿಂದೆ ನಾನೂ ಅಲ್ಲಿಂದ ಒಂದನ್ನು ಆಟೋದಲ್ಲಿ ಹಾಕಿಕೊಂಡು ಬಂದೆ. "ಎರಡು ಝಿಯಾನ್ ಇದೆ ಸಾರ್, ಒಟ್ಟು ಹದಿನಾರು ಕೋರ್. ಹೊಸದಕ್ಕೆ ಹೋದ್ರೆ ಲಕ್ಷಗಟ್ಟಲೆ ಆಗುತ್ತೆ" ಅಂದರು ಅಂಗಡಿಯವರು. ಝಿಯಾನ್ ಅಂದರೆ ಇಂಟೆಲ್ ಕಂಪನಿಯ ಸರ್ವರ್ ಪ್ರೊಸೆಸರ್, ಲೆಕ್ಕ ಮಾಡುವ ಚಿಪ್. ಕೋರ್ ಅಂದರೆ ಅದರೊಳಗೆ ಬೇರೆ ಬೇರೆಯಾಗಿ ಕೆಲಸ ಮಾಡುವ ಒಂದೊಂದು ಭಾಗ. ಬೆಲೆಯ ಮಾತು ನಿಜವೇ.

ನಮ್ಮದು ಮಲ್ಲೇಶ್ವರದ ಒಂದು ಚಿಕ್ಕ ಆಫೀಸು. ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡುತ್ತೇವೆ. ಆ ಚಿತ್ರಗಳಲ್ಲಿರುವ ಅಕ್ಷರಗಳನ್ನು ಕಂಪ್ಯೂಟರ್ ಗುರುತಿಸಿ, ಹುಡುಕಲು ಬರುವಂಥ ಪಠ್ಯ ಮಾಡಿಕೊಡಬೇಕು. ಇದಕ್ಕೆ ಓಸಿಆರ್ ಅನ್ನುತ್ತಾರೆ. ಒತ್ತಕ್ಷರ, ಮಾಸಿದ ಅಚ್ಚು, ಹುಳ ತಿಂದ ಅಂಚು, ಎಲ್ಲವೂ ಇರುವ ಪುಟಗಳು. ಪ್ರೊಸೆಸರ್‌ಗೆ ಕೈತುಂಬ ಕೆಲಸ.

ನಾನು ತಂದದ್ದರಲ್ಲಿ ಇದ್ದದ್ದು ಝಿಯಾನ್ ಇ5-2670. 2012ರಲ್ಲಿ ಬಂದ ಪ್ರೊಸೆಸರ್. ಒಂದೊಂದರಲ್ಲೂ ಎಂಟು ಕೋರ್, ವೇಗ 2.6 ಗಿಗಾಹರ್ಟ್ಸ್. ಇತ್ತೀಚೆಗೆ ಸ್ನೇಹಿತರೊಬ್ಬರ ಆಫೀಸಿಗೆ ಹೊಸ ಸರ್ವರ್ ಬಂತು. ಅದರಲ್ಲಿರುವುದು ಎಎಂಡಿ ಕಂಪನಿಯ ಎಪಿಕ್ 9124. ಒಂದೇ ಪ್ರೊಸೆಸರ್, ಅದರಲ್ಲೇ ಹದಿನಾರು ಕೋರ್, 3 ಗಿಗಾಹರ್ಟ್ಸ್. ಅಲ್ಲೂ ಹದಿನಾರು, ಇಲ್ಲೂ ಹದಿನಾರು. 2.6ಕ್ಕೂ 3ಕ್ಕೂ ಅಂಥಾ ದೊಡ್ಡ ಅಂತರವೂ ಇಲ್ಲ. ಹಾಗಾದರೆ ಅಷ್ಟು ದುಡ್ಡು ಯಾಕೆ ಕೊಡಬೇಕು, ಅಲ್ವಾ?

ದರ್ಶಿನಿಯಲ್ಲಿ ದೋಸೆ ಹುಯ್ಯುವ ಭಟ್ಟರನ್ನು ನೆನಪು ಮಾಡಿಕೊಳ್ಳಿ. ಅವರ ಕೈ ಎಷ್ಟು ಚುರುಕಾಗಿ ಓಡುತ್ತದೆ ಅನ್ನುವುದು ಗಿಗಾಹರ್ಟ್ಸ್. ಆದರೆ ಕಾವಲಿ ದೊಡ್ಡದಿದ್ದರೆ ಅದೇ ಚುರುಕಿನಲ್ಲಿ ಒಂದು ಸಲಕ್ಕೆ ಜಾಸ್ತಿ ದೋಸೆ ಏಳುತ್ತವೆ. ಹೊಸ ಪ್ರೊಸೆಸರ್‌ಗಳ ಕಾವಲಿ ದೊಡ್ಡದು. ಗಡಿಯಾರದ ಒಂದೊಂದು ಬಡಿತಕ್ಕೂ ಹಳೆಯದಕ್ಕಿಂತ ಹೆಚ್ಚು ಕೆಲಸ ಮುಗಿಸುತ್ತವೆ. ಗಿಗಾಹರ್ಟ್ಸ್ ಸಂಖ್ಯೆಯಲ್ಲಿ ಇದು ಕಾಣುವುದೇ ಇಲ್ಲ.

ಇನ್ನು ಹಿಟ್ಟಿನ ವಿಷಯ. ಒಳಗಿನಿಂದ ಹಿಟ್ಟು ಬರದಿದ್ದರೆ ಎಂಥಾ ಭಟ್ಟರಾದರೂ ಕೈ ಕಟ್ಟಿ ನಿಲ್ಲಬೇಕು. ಪ್ರೊಸೆಸರ್‌ಗೆ ಹಿಟ್ಟು ಬರುವುದು ಮೆಮೊರಿಯಿಂದ. ನಮ್ಮೂರಿನದೇ ಒಂದು ಉದಾಹರಣೆ ಹೇಳುತ್ತೇನೆ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಝಿಯಾನ್ 7400 ಬಿಡುಗಡೆ ಮಾಡಿತು. ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್. ಅದನ್ನು ರೂಪಿಸಿದ್ದು ಇಂಟೆಲ್‌ನ ಬೆಂಗಳೂರು ತಂಡ. ಈ ಊರಿನ ಎಂಜಿನಿಯರ್‌ಗಳು ಮಾಡಿದ ದೊಡ್ಡ ಕೆಲಸ ಅದು. ನನಗೆ ಇವತ್ತಿಗೂ ಹೆಮ್ಮೆ. ಆದರೆ ಆ ಕಾಲದ ಇಂಟೆಲ್ ಸರ್ವರ್‌ಗಳಲ್ಲಿ ಆರೂ ಕೋರ್‌ಗಳು ಒಂದೇ ದಾರಿ ಹಿಡಿದು, ಹೊರಗಿನ ಇನ್ನೊಂದು ಚಿಪ್ ಮೂಲಕ ಮೆಮೊರಿಗೆ ಹೋಗಬೇಕಿತ್ತು. 2009ರ ಝಿಯಾನ್ 5500ರಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗವೇ ಪ್ರೊಸೆಸರ್ ಒಳಗೆ ಬಂತು. ಅದರಲ್ಲಿದ್ದದ್ದು ನಾಲ್ಕೇ ಕೋರ್. ಆದರೂ ಮೆಮೊರಿ ಜಾಸ್ತಿ ಬೇಡುವ ಕೆಲಸಗಳಲ್ಲಿ ಹಿಂದಿನವಕ್ಕಿಂತ ಎಷ್ಟೋ ಮುಂದೆ ಹೋಯಿತು.

ಈ ಪಾಠ ನನಗೆ ಪುಸ್ತಕದಿಂದ ಬಂದದ್ದಲ್ಲ. ಎಸ್‌ಪಿ ರೋಡಿನಿಂದ ತಂದ ಸರ್ವರ್ ಮೊದಲ ತಿಂಗಳು ಆಮೆಯ ಹಾಗೆ ನಡೆಯಿತು. ಹದಿನಾರೂ ಕೋರ್ ನೂರಕ್ಕೆ ನೂರು ಓಡುತ್ತಿವೆ ಎಂದು ಪರದೆ ಹೇಳುತ್ತಿತ್ತು, ಪುಟಗಳು ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಒಂದು ಸಂಜೆ ಮುಚ್ಚಳ ಬಿಚ್ಚಿ ನೋಡಿದೆ. ಒಂದೊಂದು ಪ್ರೊಸೆಸರ್ ಪಕ್ಕದಲ್ಲೂ ರ‍್ಯಾಮ್, ಅಂದರೆ ಮೆಮೊರಿಯ ತುಂಡು, ಕೂರಿಸುವ ಸ್ಲಾಟ್‌ಗಳು ಸಾಲು ಸಾಲು, ಹೆಚ್ಚಿನವು ಖಾಲಿ. ಒಂದೊಂದು ಪ್ರೊಸೆಸರ್‌ಗೆ ದಪ್ಪನೆಯ ಒಂದೇ ಒಂದು ರ‍್ಯಾಮ್ ಕೂರಿಸಿದ್ದರು. ಈ ಝಿಯಾನ್‌ಗೆ ಮೆಮೊರಿಯ ದಾರಿ ನಾಲ್ಕು. ನಾಲ್ಕರಲ್ಲೂ ರ‍್ಯಾಮ್ ಇದ್ದರೆ ಸೆಕೆಂಡಿಗೆ 51.2 ಗಿಗಾಬೈಟ್ ತನಕ ಬರಬಹುದು. ಒಂದೇ ಇದ್ದರೆ 12.8. ಅಂದರೆ ನಾಲ್ಕನೇ ಒಂದು ಭಾಗ! ರ‍್ಯಾಮ್ ಎಷ್ಟು ಜಿಬಿ ಎಂದು ಕೇಳಿದ್ದೆ, ಎಷ್ಟು ತುಂಡು ಎಂದು ಕೇಳಿರಲಿಲ್ಲ. ಮಾರಿದವರೂ ಹೇಳಲಿಲ್ಲ. ಅಷ್ಟೇ ಜಿಬಿಯನ್ನು ಎಂಟು ಚಿಕ್ಕ ರ‍್ಯಾಮ್‌ಗಳಾಗಿ ಬದಲಾಯಿಸಿದ ಮೇಲೆ ಅದೇ ಮೆಷಿನ್ ಬೇರೆಯದೇ ಆಯಿತು.

ಹೊಸ ಎಪಿಕ್‌ಗೆ ಇಂಥ ದಾರಿ ಹನ್ನೆರಡು. ಜೊತೆಗೆ ಕೈಗೆಟಕುವ ಹಾಗೆ ಪಕ್ಕದಲ್ಲೇ ಇಟ್ಟುಕೊಳ್ಳುವ ಕ್ಯಾಶ್ ಮೆಮೊರಿ 64 ಮೆಗಾಬೈಟ್. ನಮ್ಮ ಹಳೆಯದಕ್ಕೆ ಒಂದೊಂದಕ್ಕೆ 20.

ಎರಡನ್ನೂ ಹೋಲಿಸಿಯೇ ಬಿಡೋಣ ಎಂದು ಕೂತೆವು. ಅದೇ ಪುಸ್ತಕಗಳು, ಅದೇ ಲಿನಕ್ಸ್, ಅದೇ ಓಸಿಆರ್ ಪ್ರೋಗ್ರಾಂ, ಆವೃತ್ತಿಯೂ ಅದೇ. ಇಲ್ಲಿ ಒಂದು ಎಚ್ಚರ ಬೇಕು. ಮೊದಲನೇ ಸಲ ಓಡಿಸಿದಾಗ ಪುಟಗಳು ಡಿಸ್ಕಿನಿಂದ ಬರುತ್ತವೆ. ಎರಡನೇ ಸಲಕ್ಕೆ ಅವು ಮೆಮೊರಿಯಲ್ಲೇ ಉಳಿದಿರುತ್ತವೆ, ಆಗ ಯಾವ ಮೆಷಿನ್ ಆದರೂ ಚುರುಕಾಗಿ ಕಾಣುತ್ತದೆ. ಒಂದರ ಮೊದಲ ಓಟವನ್ನು ಇನ್ನೊಂದರ ಎರಡನೇ ಓಟಕ್ಕೆ ಹೋಲಿಸಿದರೆ ಅದು ಮೋಸದ ಲೆಕ್ಕ. ಅದಕ್ಕೇ ಪ್ರತಿ ಸಲವೂ ಮೆಷಿನ್ ಆಫ್ ಮಾಡಿ, ಮತ್ತೆ ಆನ್ ಮಾಡಿ ಶುರುಮಾಡಿದೆವು.

ಹಳೆಯದು ಸಂಜೆ ಶುರುಮಾಡಿ ಬೆಳಗಿನ ಹಾಲು ಬರುವ ಹೊತ್ತಿಗೆ ಮುಗಿಸಿತು. ಹೊಸದು, ಮಾರನೇ ದಿನ ಅದೇ ಹೊತ್ತಿಗೆ ಶುರುಮಾಡಿ, ಮಧ್ಯರಾತ್ರಿಯ ಒಳಗೇ ಮುಗಿಸಿತು. ಗಿಗಾಹರ್ಟ್ಸ್ ನೋಡಿದರೆ ಇಷ್ಟು ಅಂತರವನ್ನು ಯಾರೂ ಊಹಿಸುವುದಿಲ್ಲ. ಆದರೆ ಅದೇ ಪುಟಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಸುಮ್ನೆ ನಕಲು ಮಾಡಿ ನೋಡಿದಾಗ ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಸಮಯ. ಅಲ್ಲಿ ಎಲ್ಲರೂ ಕಾಯುವುದು ಡಿಸ್ಕಿಗಾಗಿ. ನಿಮ್ಮ ಅಂಗಡಿಯ ಲೆಕ್ಕ, ಶಾಲೆಯ ಹಾಜರಿ, ನಾಲ್ಕು ಜನ ನೋಡುವ ಒಂದು ವೆಬ್‌ಸೈಟ್, ಇಷ್ಟೇ ಕೆಲಸ ಇದ್ದರೆ ಹಳೆ ಸರ್ವರ್ ಧಾರಾಳವಾಗಿ ಸಾಕು. ಹೊಸದಕ್ಕೆ ಸಾಲ ಮಾಡಬೇಡಿ.

ಕರೆಂಟ್ ಬಿಲ್ ಮರೆಯಬೇಡಿ. ಪ್ರೊಸೆಸರ್‌ಗೆ ಕಂಪನಿ ಹೇಳುವ ವ್ಯಾಟ್ ನೋಡಿದರೆ ನಮ್ಮ ಎರಡು ಝಿಯಾನ್ ಸೇರಿ 230, ಆ ಎಪಿಕ್ 200. ಸಮ ಸಮ ಅನ್ನಿಸುತ್ತದೆ. ಆದರೆ ಒಂದು ರಾತ್ರಿಯ ಕೆಲಸ ಅರ್ಧ ರಾತ್ರಿಯಲ್ಲೇ ಮುಗಿದರೆ ಒಂದೊಂದು ಪುಸ್ತಕಕ್ಕೆ ತಗಲುವ ಕರೆಂಟೂ ಹತ್ತಿರ ಹತ್ತಿರ ಅರ್ಧವಾಗುತ್ತದೆ. ಇನ್ನು ಹಗಲೂ ರಾತ್ರಿ ಉರಿಯುವ ಮೆಷಿನ್ ಸರಾಸರಿ 200 ವ್ಯಾಟ್ ಎಳೆದರೆ ವರ್ಷಕ್ಕೆ 1752 ಯೂನಿಟ್. ಅಗ್ಗಕ್ಕೆ ಸಿಕ್ಕ ಸರ್ವರ್ ತನ್ನ ಬೆಲೆಯನ್ನು ಬೆಸ್ಕಾಂ ಬಿಲ್ಲಿನಲ್ಲಿ ವಸೂಲಿ ಮಾಡುವುದು ಹೀಗೆ.

ಈಗ ಓಸಿಆರ್ ಕೆಲಸವನ್ನು ಸ್ನೇಹಿತರ ಹೊಸ ಸರ್ವರ್ ಮೇಲೆ, ಅವರ ಕೆಲಸ ಇಲ್ಲದ ರಾತ್ರಿಗಳಲ್ಲಿ ಮಾಡಿಕೊಳ್ಳುತ್ತೇವೆ. ಹಳೆಯದನ್ನು ಮಾರಲಿಲ್ಲ. ಶನಿವಾರ ಸಂಜೆ ಮಾತ್ರ ಆನ್ ಮಾಡುತ್ತೇವೆ. ವಾರವೆಲ್ಲಾ ಸ್ಕ್ಯಾನ್ ಆದ ಪುಟಗಳ ಒಂದು ಪ್ರತಿ ಅದಕ್ಕೆ ಹೋಗುತ್ತದೆ. ಭಾನುವಾರ ಬೆಳಿಗ್ಗೆ ತರಕಾರಿಗೆ ಅಂತ ಹೊರಟವರು ಯಾರಾದರೂ ಆಫೀಸಿಗೆ ಹೋಗಿ ಆಫ್ ಮಾಡಿ ಬರುತ್ತೇವೆ.

ನಮಸ್ಕಾರ.